ಕಲಿಯುವವರಿಗೊಂದು ಸೆಕೆಂಡ್ ಹ್ಯಾಂಡ್ ಬೈಕ್: 40 ಸಾವಿರದೊಳಗೆ ಆರಿಸುವ ಬಗೆ

ಗೇರ್ ಬೈಕ್ ಕಲಿಯುವವರು ಮೊದಲ ಕೆಲವು ತಿಂಗಳಲ್ಲಿ ಗಾಡಿಯನ್ನು ಒಮ್ಮೆಯಾದರೂ ಬೀಳಿಸುತ್ತಾರೆ. ಅದೂ ವೇಗವಾಗಿ ಹೋಗುವಾಗಲ್ಲ. ನಿಂತಲ್ಲೇ, ಇಕ್ಕಟ್ಟಿನಲ್ಲಿ ತಿರುಗಿಸುವಾಗ, ಸೈಡ್ ಸ್ಟ್ಯಾಂಡ್ ಪೂರ್ತಿ ಇಳಿಯಿತೋ ಇಲ್ಲವೋ ನೋಡದೆ ಕೈಬಿಟ್ಟಾಗ. ಬಿದ್ದರೆ ಮುರಿಯುವುದು ಕ್ಲಚ್ ಲಿವರ್, ಒಡೆಯುವುದು ಇಂಡಿಕೇಟರ್, ಬಾಗುವುದು ಗೇರ್ ಲಿವರ್. ಇವು ನೂರಿನ್ನೂರು ರೂಪಾಯಿಗೆ ನಿಮ್ಮ ಹೋಬಳಿಯ ಸ್ಪೇರ್ಸ್ ಅಂಗಡಿಯಲ್ಲೇ ಸಿಗುವಂತಿರಬೇಕು. ಮೊದಲ ಬೈಕ್ ಹುಡುಕುವಾಗ ಈ ಒಂದು ಲೆಕ್ಕವೇ ಅರ್ಧ ಮಾದರಿಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ.

ಉಳಿದರ್ಧದಲ್ಲಿ ಮಾದರಿಯ ಹೆಸರಿಗಿಂತ ನಿಮ್ಮೆದುರು ನಿಂತಿರುವ ಆ ಗಾಡಿಯ ಸ್ಥಿತಿ ಮುಖ್ಯ. ಸ್ಥಿತಿಗಿಂತಲೂ ಮೊದಲು ಅದರ ಕಾಗದಪತ್ರ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ರಿಪೇರಿ ಮಾಡಬಲ್ಲ. ಬೇರೆಯವರ ಹೆಸರಿನಲ್ಲೇ ಉಳಿದ ಆರ್‌ಸಿಯನ್ನು ಯಾವ ಗ್ಯಾರೇಜೂ ರಿಪೇರಿ ಮಾಡುವುದಿಲ್ಲ.

ದುಡ್ಡನ್ನು ಮೊದಲೇ ಎರಡು ಭಾಗ ಮಾಡಿ

ಕೈಯಲ್ಲಿ 40,000 ರೂಪಾಯಿ ಇದ್ದರೆ 30,000ದ ಗಾಡಿ ಹುಡುಕಿ. ಉಳಿದ 10,000 ಹೀಗೆ ಹೋಗುತ್ತದೆ: ಐಎಸ್‌ಐ ಗುರುತಿನ ಹೆಲ್ಮೆಟ್ಟಿಗೆ 1,300ರಷ್ಟು. ಇನ್ಶೂರೆನ್ಸ್ ಮುಗಿದಿದ್ದರೆ ಥರ್ಡ್ ಪಾರ್ಟಿ ಪಾಲಿಸಿ. 75ರಿಂದ 150 ಸಿಸಿವರೆಗಿನ ಗಾಡಿಗೆ 2022ರಲ್ಲಿ ನಿಗದಿಯಾದ ಮೂಲ ದರ 714 ರೂಪಾಯಿ, ಅದಕ್ಕೆ ಜಿಎಸ್‌ಟಿ ಮತ್ತು ಮಾಲೀಕರ ಅಪಘಾತ ವಿಮೆ ಸೇರಿ 1,200ರ ಆಸುಪಾಸು. ಹೆಸರು ಬದಲಾವಣೆಯ ಸರ್ಕಾರಿ ಶುಲ್ಕ ಕೆಲವೇ ನೂರು. ಏಜೆಂಟರ ಮೂಲಕ ಹೋದರೆ 1,500ರಿಂದ 3,000 ಕೇಳುತ್ತಾರೆ. ಮೊದಲ ಸರ್ವಿಸಿಗೆ 1,500. ಮಿಕ್ಕಿದ್ದು ಟೈರು ಅಥವಾ ಚೈನ್ ಸ್ಪ್ರಾಕೆಟ್ಟಿಗೆ, ಯಾಕೆಂದರೆ ಮಾರುವವರು ಸಾಮಾನ್ಯವಾಗಿ ಗಾಡಿ ಮಾರಲು ನಿರ್ಧರಿಸುವುದೇ ಇವೆರಡು ಸವೆದಾಗ. ಪೂರ್ತಿ ದುಡ್ಡನ್ನು ಗಾಡಿಗೇ ಸುರಿದವರು ಸವೆದ ಟೈರಿನಲ್ಲಿ, ಹಳೆ ಬ್ರೇಕ್ ಶೂನಲ್ಲಿ ಕಲಿಯಲು ಶುರುಮಾಡುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ.

ಯಾವ ಗಾಡಿ, ಯಾವ ವರ್ಷದ್ದು

100ರಿಂದ 125 ಸಿಸಿಯ ಸಾದಾ ಗಾಡಿ ಸಾಕು. ಹೀರೊ ಸ್ಪ್ಲೆಂಡರ್ ಪ್ಲಸ್ ಎಲ್ಲರ ಬಾಯಲ್ಲಿರುವುದು ಸುಮ್ಮನೆ ಅಲ್ಲ: 97.2 ಸಿಸಿ ಎಂಜಿನ್, ಸುಮಾರು 112 ಕೆ.ಜಿ. ತೂಕ, ಸೀಟಿನ ಎತ್ತರ 785 ಮಿ.ಮೀ. ಐದಡಿ ಎರಡಂಗುಲದವರಿಗೂ ಎರಡು ಕಾಲು ನೆಲಕ್ಕೆ ಎಟಕುತ್ತವೆ. ಆದರೆ ಈ ಹೆಸರೇ ಅದರ ಬೆಲೆಯನ್ನು ಏರಿಸಿಟ್ಟಿದೆ, ಬೇಡಿಕೆ ಹೆಚ್ಚಿರುವ ಗಾಡಿಗೆ ಕಳ್ಳಮಾಲಿನ ಭಯವೂ ಹೆಚ್ಚು. ಅದೇ 97.2 ಸಿಸಿ ಎಂಜಿನ್ ಇರುವ ಎಚ್‌ಎಫ್ ಡಿಲಕ್ಸ್ ಅದೇ ವರ್ಷದ್ದು, ಅಷ್ಟೇ ಓಡಿದ್ದು, ಹಲವು ಸಾವಿರ ಕಡಿಮೆಗೆ ಸಿಗುತ್ತದೆ. ಬಜೆಟ್ ಬಿಗಿಯಾಗಿದ್ದರೆ ಮೊದಲು ಅದನ್ನೇ ಹುಡುಕಿ.

ಬಜಾಜ್ ಪ್ಲಾಟಿನಾ 100ರ ಸಸ್ಪೆನ್ಷನ್ ಮೆತ್ತಗೆ, ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದಂತಿದೆ. ಸೀಟು ಮಾತ್ರ 807 ಮಿ.ಮೀ., ಕುಳ್ಳಗಿರುವವರು ಕೂತು ನೋಡಿಯೇ ನಿರ್ಧರಿಸಬೇಕು. ಟಿವಿಎಸ್ ಸ್ಪೋರ್ಟ್, ಸ್ಟಾರ್ ಸಿಟಿ ಪ್ಲಸ್, ಹೋಂಡಾ ಲಿವೊ ಇವೂ ಆಗಬಹುದು. ದಿನವೂ ಇಬ್ಬರು ಹೋಗುವುದಿದ್ದರೆ, ಘಟ್ಟದ ಊರಾದರೆ, ಹೋಂಡಾ ಶೈನ್ ಅಥವಾ ಸೂಪರ್ ಸ್ಪ್ಲೆಂಡರ್‌ನಂಥ 125 ಸಿಸಿ ನೋಡಿ.

ಪಲ್ಸರ್ 150 ಒಳ್ಳೆಯ ಗಾಡಿಯೇ. ಆದರೂ ಕಲಿಯುವವರಿಗೆ ಬೇಡ ಅನ್ನಲು ಎರಡು ಕಾರಣ. 140 ಕೆ.ಜಿ. ದಾಟುವ ತೂಕ ಒಂದು. ಈ ಬೆಲೆಗೆ ಸಿಗುವ ಪಲ್ಸರ್‌ಗಳು ಸಾಮಾನ್ಯವಾಗಿ ಮೂರ್ನಾಲ್ಕು ಹುಡುಗರ ಕೈ ದಾಟಿ, ಚೆನ್ನಾಗಿ ಕಿವಿ ಹಿಂಡಿಸಿಕೊಂಡು ಬಂದಿರುತ್ತವೆ ಎಂಬುದು ಇನ್ನೊಂದು. ಬಜಾಜ್ ಡಿಸ್ಕವರ್‌ನಂತೆ ತಯಾರಿ ನಿಂತ ಮಾದರಿಗಳು ಅಗ್ಗಕ್ಕೆ ಸಿಗುತ್ತವೆ. ಎಂಜಿನ್ ಭಾಗ ಸಿಕ್ಕರೂ ಸೈಡ್ ಪ್ಯಾನೆಲ್, ಮೀಟರ್ ಕವಚ ಇಂಥವಕ್ಕೆ ಅಲೆಯಬೇಕಾಗುತ್ತದೆ.

ವರ್ಷದ ವಿಷಯಕ್ಕೆ ಬಂದರೆ, 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ನೋಂದಣಿಯಾದ ಗಾಡಿಗಳ ಮೇಲೆ ಮೊದಲು ಕಣ್ಣಿಡಿ. 2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಕಡ್ಡಾಯವಾಯಿತು: ಹಿಂದಿನ ಬ್ರೇಕ್ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಗಾಬರಿಯಲ್ಲಿ ಬರೀ ಹಿಂದಿನ ಬ್ರೇಕ್ ಒತ್ತುವ ಹೊಸಬರಿಗೆ ಇದು ದೊಡ್ಡ ಸಹಾಯ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿಮಾಡಿದ ಬಿಎಸ್6 ನಿಯಮ ಬಂದು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಜಾಗಕ್ಕೆ ಹೆಚ್ಚಾಗಿ ಫ್ಯುಯಲ್ ಇಂಜೆಕ್ಷನ್ ಬಂತು. ಇಂಜೆಕ್ಷನ್ ಗಾಡಿ ಬೆಳಗಿನ ಚಳಿಯಲ್ಲಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಆದರೆ ಬ್ಯಾಟರಿ ಸತ್ತರೆ ತಕರಾರು ಮಾಡುತ್ತದೆ, ಸೆನ್ಸರ್ ದೋಷ ಹಿಡಿಯಲು ಸ್ಕ್ಯಾನರ್ ಬೇಕು. ಅದಕ್ಕೆ ಹಿಂದಿನ ನಿಯಮದ, ಅಂದರೆ ಬಿಎಸ್4ರ, ಕಾರ್ಬುರೇಟರ್ ಗಾಡಿಯನ್ನು ದಾರಿಬದಿಯ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ಆ ಒಂದು ವರ್ಷದ ಗಾಡಿ ಸಿಗದಿದ್ದರೆ 2017ರ ಏಪ್ರಿಲ್‌ವರೆಗೆ ಹಿಂದೆ ಹೋಗಿ. ಅದಕ್ಕೂ ಹಿಂದೆ ಹೋಗಬೇಕಾಗಿ ಬಂದರೂ 12 ವರ್ಷ ದಾಟಿದ್ದು ಬೇಡ. ನೋಂದಣಿಯ ಅವಧಿ 15 ವರ್ಷ, ಆಮೇಲೆ ಫಿಟ್‌ನೆಸ್, ಮರುನೋಂದಣಿ, ಹಸಿರು ತೆರಿಗೆ ಎಂದು ಆರ್‌ಟಿಒ ಸುತ್ತಬೇಕು.

ಗಾಡಿ ನೋಡಲು ಹೋಗುವ ಮೊದಲು, ಮನೆಯಲ್ಲೇ ಕೂತು

ಮಾರುವವರಿಂದ ನೋಂದಣಿ ಸಂಖ್ಯೆ ತರಿಸಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ನೋಂದಣಿ ದಿನಾಂಕ, ಆರ್‌ಸಿ ಎಲ್ಲಿಯವರೆಗೆ ಚಾಲ್ತಿ, ಇನ್ಶೂರೆನ್ಸ್, ಹೊಗೆ ತಪಾಸಣೆ, ಫೈನಾನ್ಸ್ ಬಾಕಿ ಇದೆಯೇ ಎಂಬುದು ಗೊತ್ತಾಗುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತವೆ. ಉಳಿದ ಅಕ್ಷರಗಳು ಮಾರುವವರ ಹೆಸರಿಗೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ, ‘ನನ್ನದೇ ಗಾಡಿ’ ಅನ್ನುತ್ತಿರುವವರು ಹಿಂದಿನವರಿಂದ ಕೊಂಡು ಹೆಸರು ಬದಲಿಸಿಕೊಳ್ಳದೆ ನಿಮಗೆ ದಾಟಿಸುತ್ತಿದ್ದಾರೆ.

ದಂಡದ ಬಾಕಿಯನ್ನು ಕೇಂದ್ರದ ಇ-ಚಲನ್ ಜಾಲತಾಣದಲ್ಲೂ ಕರ್ನಾಟಕ ಒನ್‌ನಲ್ಲೂ ನೋಡಿ. ಬೆಂಗಳೂರಿನಲ್ಲಿ ಓಡಿದ ಗಾಡಿಯಾದರೆ ಇದನ್ನು ಬಿಡಲೇಬೇಡಿ. ಸಿಗ್ನಲ್ ಕ್ಯಾಮೆರಾಗಳ ದಯೆಯಿಂದ ಗಾಡಿಯ ಬೆಲೆಯ ಕಾಲು ಭಾಗದಷ್ಟು ದಂಡ ಕೂತಿರುವುದೂ ಉಂಟು.

ಫೈನಾನ್ಸ್ ಇದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಬ್ಯಾಂಕ್ ಸಹಿಯಿರುವ ಫಾರಂ 35 ಬೇಕು. ‘ಸಾಲ ಎಂದೋ ತೀರಿದೆ’ ಎಂಬ ಬಾಯಿಮಾತು ಆರ್‌ಟಿಒದಲ್ಲಿ ನಡೆಯುವುದಿಲ್ಲ. ಮಾಲೀಕರು ತೀರಿಕೊಂಡು ಮಗ ಮಾರುತ್ತಿದ್ದರೆ, ಗಾಡಿ ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಅದು ಆಗುವವರೆಗೆ ಮುಂಗಡ ಕೊಡಬೇಡಿ.

ಗಡಿಜಿಲ್ಲೆಗಳವರಿಗೆ ಒಂದು ಮಾತು. ಹೊಸೂರು, ಕಾಸರಗೋಡು, ಕೊಲ್ಹಾಪುರ, ಗೋವಾ ಕಡೆಯ ಗಾಡಿ ಐದಾರು ಸಾವಿರ ಅಗ್ಗ ಅನ್ನಿಸಬಹುದು. ಅಲ್ಲಿನ ಆರ್‌ಟಿಒ ಎನ್‌ಒಸಿ, ಅಂದರೆ ಫಾರಂ 28, ಇಲ್ಲಿ ಹೊಸ ಸಂಖ್ಯೆ, ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಎಂದು ಸೇರಿಸಿದರೆ ಆ ಅಗ್ಗ ಎಲ್ಲೋ ಕರಗಿಹೋಗುತ್ತದೆ.

ನೋಡಲು ಹೋದಾಗ: ಮೊದಲು ನಂಬರು, ಆಮೇಲೆ ಬಣ್ಣ

ಬೆಳಿಗ್ಗೆ ಹೋಗಿ, ಬೆಳಕಿರುವಾಗ. ಮಳೆಯಲ್ಲಿ, ರಾತ್ರಿಯ ಬೀದಿದೀಪದಲ್ಲಿ ಎಲ್ಲ ಗಾಡಿಯೂ ಹೊಸದರಂತೆ ಹೊಳೆಯುತ್ತದೆ. ಲೈಸೆನ್ಸ್ ಇರುವ, ಅದೇ ಬಗೆಯ ಗಾಡಿ ಓಡಿಸಿ ಗೊತ್ತಿರುವ ಒಬ್ಬರನ್ನು ಕರೆದೊಯ್ಯಿರಿ. ಕೈಯಲ್ಲಿ ಬಿಳಿ ಬಟ್ಟೆಯ ತುಂಡು, ಟಾರ್ಚ್ ಇರಲಿ.

ಚಾಸಿ ನಂಬರು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಫ್ರೇಮಿನ ಕತ್ತಿನ ಮೇಲೆ ಕೊರೆದಿರುತ್ತದೆ, ಎಂಜಿನ್ ನಂಬರು ಎಂಜಿನ್ನಿನ ಕೆಳಭಾಗದ ಕವಚದ ಮೇಲೆ. ಎರಡನ್ನೂ ಬಟ್ಟೆಯಿಂದ ಒರೆಸಿ ಆರ್‌ಸಿಯ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ಸುತ್ತ ಉಜ್ಜಿದ ಗುರುತು, ಅಕ್ಷರಗಳ ಸಾಲು ಸೊಟ್ಟಗಿರುವುದು, ಆ ಒಂದು ಜಾಗಕ್ಕೆ ಮಾತ್ರ ಹೊಸ ಬಣ್ಣ ಕಂಡರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಹೊರಡಿ.

ಮೀಟರ್ ತೋರಿಸುವ ಕಿಲೋಮೀಟರ್ ನಂಬುವ ಮೊದಲು ರಬ್ಬರ್ ನೋಡಿ. ದಿನಕ್ಕೆ 25-30 ಕಿ.ಮೀ. ಓಡುವ ಗಾಡಿ ವರ್ಷಕ್ಕೆ 10,000 ಕಿ.ಮೀ. ಮುಟ್ಟುತ್ತದೆ. ಆರು ವರ್ಷದ ಗಾಡಿ 14,000 ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ಲೋಹ ನುಣುಪಾಗಿ, ಫುಟ್‌ರೆಸ್ಟ್ ರಬ್ಬರಿನ ಗೆರೆ ಅಳಿಸಿ, ಕಿಕ್ಕರ್ ರಬ್ಬರ್ ಬೋಳಾಗಿದ್ದರೆ ಮೀಟರ್ ಬದಲಾಗಿದೆ, ಇಲ್ಲವೇ ಕೇಬಲ್ ಬಿಚ್ಚಿಟ್ಟು ಓಡಿಸಿದ್ದಾರೆ. ಸರ್ವಿಸ್ ಪುಸ್ತಕ ಇದ್ದರೆ ಅದರಲ್ಲಿ ಬರೆದ ಕಿಲೋಮೀಟರ್ ಜೊತೆ ತಾಳೆ ಹಾಕಿ. ಹೆಚ್ಚು ಓಡಿದ್ದು ತಪ್ಪಲ್ಲ. 50,000 ಓಡಿ ಹೊತ್ತುಹೊತ್ತಿಗೆ ಆಯಿಲ್ ಕಂಡ ಸ್ಪ್ಲೆಂಡರ್, 20,000 ಓಡಿ ಆಯಿಲ್ ಕಾಣದ ಗಾಡಿಗಿಂತ ಎಷ್ಟೋ ಮೇಲು.

ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ

‘ಬರುವ ಮೊದಲು ಸ್ಟಾರ್ಟ್ ಮಾಡಬೇಡಿ’ ಎಂದು ಫೋನಿನಲ್ಲೇ ಹೇಳಿರಿ. ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿ ಇಟ್ಟಿದ್ದಾರೆ. ಒಂದೆರಡು ಗಂಟೆ ಬಿಟ್ಟು ಬರುತ್ತೇವೆ ಅನ್ನಿ.

ಮೊದಲು ಕೀಲಿ ಹಾಕದೆ ಕಿಕ್ಕರನ್ನು ಕೈಯಿಂದಲೋ ಕಾಲಿಂದಲೋ ನಿಧಾನ ಒತ್ತಿ. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಸರ್ರನೆ ಕೆಳಗೆ ಹೋದರೆ ಕಂಪ್ರೆಷನ್ (ಎಂಜಿನ್ನಿನೊಳಗಿನ ಒತ್ತಡ) ಇಲ್ಲ, ಅಂದರೆ ರಿಂಗ್ ಅಥವಾ ವಾಲ್ವ್ ಹೋಗಿದೆ.

ಆಮೇಲೆ ಆಯಿಲ್. ಸ್ಪ್ಲೆಂಡರ್ ಬಳಗದಲ್ಲಿ ಬಲಬದಿಗೆ ಡಿಪ್‌ಸ್ಟಿಕ್ ಇರುವ ಮುಚ್ಚಳವಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಚ್ಚಳ ಬಿಚ್ಚಿ, ಒರೆಸಿ, ತಿರುಗಿಸದೆ ಸುಮ್ಮನೆ ಇಟ್ಟು ತೆಗೆದು ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಕಡ್ಡಿಯ ತುದಿಗೂ ಆಯಿಲ್ ಹತ್ತದಿದ್ದರೆ ಚಿಂತಿಸಬೇಕು. ಈ ಎಂಜಿನ್‌ಗಳಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು ಆಯಿಲ್, ಅದು ಅರ್ಧಕ್ಕಿಳಿದರೆ ಮೊದಲು ಸವೆಯುವುದು ಮೇಲಿನ ಕ್ಯಾಮ್ ಶಾಫ್ಟ್. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಮೊದಲ ಲಕ್ಷಣ ಇದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಆದಂತೆ ನೆಲಮಾಳಿಗೆಗಳಿಗೆ ನೀರು ನುಗ್ಗಿದ ಮೇಲೆ ಅಂಥ ಗಾಡಿಗಳು ಬಣ್ಣ ಬಳಿದುಕೊಂಡು ಮಾರಾಟಕ್ಕೆ ಬರುತ್ತವೆ. ಹೆಡ್‌ಲೈಟ್ ಒಳಗೆ ಕೆಸರಿನ ಗೆರೆ, ಸೀಟಿನ ಕೆಳಗಿನ ವೈರಿಂಗ್ ಜೋಡಣೆಗಳಲ್ಲಿ ಹಸಿರು ಪಾಚಿಯಂಥ ತುಕ್ಕು ಇದೆಯೇ ಅಂತಲೂ ನೋಡಿ.

ಈಗ ಸ್ಟಾರ್ಟ್ ಮಾಡಿ. ಕಾರ್ಬುರೇಟರ್ ಗಾಡಿಗೆ ಚೋಕ್ ಎಳೆದು ಮೂರ್ನಾಲ್ಕು ಕಿಕ್ಕಿನೊಳಗೆ ಹತ್ತಿಕೊಳ್ಳಬೇಕು. ಮೂರ್ನಾಲ್ಕು ನಿಮಿಷ ಬಿಟ್ಟು ಚೋಕ್ ತೆಗೆದರೆ ಎಕ್ಸಲರೇಟರ್ ಮುಟ್ಟದೆಯೇ ಒಂದೇ ಲಯದಲ್ಲಿ ಓಡುತ್ತಿರಬೇಕು.

ಹೊಗೆಯ ಬಣ್ಣ ಗಮನಿಸಿ. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ನಿಂತರೆ ಅದು ನೀರಾವಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಸ್ಟಾರ್ಟ್ ಆದಾಗ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ, ಖರ್ಚು ಕಡಿಮೆ. ಎಕ್ಸಲರೇಟರ್ ತಿರುವಿದಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗ್ ಮತ್ತು ಪಿಸ್ಟನ್ ಓಡುವ ಕೊಳವೆ, ಅಂದರೆ ಬೋರ್, ಸವೆದಿವೆ. ಬೋರ್ ಕಿಟ್ಟು, ಕೂಲಿ ಎಂದು 5,000 ದಾಟುವುದು ಖಚಿತ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರುವುದೋ ಕಾರ್ಬುರೇಟರ್ ಟ್ಯೂನಿಂಗೋ ಕಾರಣ, ಅದು ಸಣ್ಣ ಕೆಲಸ. ಬಿಳಿ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಅರ್ಧ ನಿಮಿಷ ಹಿಡಿಯಿರಿ, ಬಿಸಿ ತಾಗದಂತೆ. ಒಣ ಮಸಿ ಪರವಾಗಿಲ್ಲ. ಜಿಡ್ಡಿನ ಚುಕ್ಕಿ ಬಿದ್ದರೆ ಕಣ್ಣಿಗೆ ಕಾಣದ ನೀಲಿ ಹೊಗೆಯಿದೆ.

ಸದ್ದಿನ ವಿಷಯದಲ್ಲಿ ಹೊಸಬರು ಸಣ್ಣದಕ್ಕೆ ಹೆದರಿ ದೊಡ್ಡದನ್ನು ಬಿಡುತ್ತಾರೆ. ಎಂಜಿನ್ ತಲೆಯಲ್ಲಿ ಟಿಕ್ ಟಿಕ್ ಅಂದರೆ ಟ್ಯಾಪೆಟ್, ಹೊಂದಿಸಲು ನೂರಿನ್ನೂರು. ಎಡಬದಿಯಲ್ಲಿ ಕರಕರ ಅಂದರೆ ಟೈಮಿಂಗ್ ಚೈನ್ ಸಡಿಲ, ಒಂದೆರಡು ಸಾವಿರದ ಬಾಬತ್ತು. ಕೆಳಗಿನಿಂದ, ಹೊಟ್ಟೆಯೊಳಗಿಂದ ಬಂದಂತೆ ಗುಡುಗುಡು ಅಥವಾ ಎಕ್ಸಲರೇಟರ್ ತಿರುವಿದಾಗ ಟಕಟಕ ಕೇಳಿದರೆ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್. ಎಂಜಿನ್ ಪೂರ್ತಿ ಬಿಚ್ಚಬೇಕು. ಆ ಗಾಡಿ ಬೇಡ. ಕೆಲವರು ಈ ಸದ್ದನ್ನು ಅಡಗಿಸಲು ದಪ್ಪ ಆಯಿಲ್ ತುಂಬಿರುತ್ತಾರೆ. ಹತ್ತು ನಿಮಿಷ ಬಿಸಿಯಾಗಲು ಬಿಟ್ಟರೆ ಆಯಿಲ್ ತೆಳುವಾಗಿ ಸದ್ದು ಹೊರಗೆ ಬರುತ್ತದೆ.

ಬಿದ್ದ ಗುರುತು, ಬಾಗಿದ ಗುರುತು

ಗೀರಿದ ಇಂಡಿಕೇಟರ್, ತರಚಿದ ಲಿವರ್ ತುದಿ ಎಲ್ಲ ಗಾಡಿಗೂ ಇರುತ್ತವೆ. ಹುಡುಕಬೇಕಾದ್ದು ಮುಖಾಮುಖಿ ಡಿಕ್ಕಿಯ ಗುರುತು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಫ್ರೇಮಿನ ಕತ್ತಿನ ಬಳಿ ಹ್ಯಾಂಡಲನ್ನು ತಡೆಯುವ ಸಣ್ಣ ಲೋಹದ ಗಟ್ಟಿ ಇದೆ. ಅದು ಜಜ್ಜಿದ್ದರೆ, ಬಾಗಿದ್ದರೆ ಗಾಡಿ ಜೋರಾಗಿ ಗುದ್ದಿಕೊಂಡಿದೆ. ಅಲ್ಲೇ ವೆಲ್ಡಿಂಗ್ ಸುತ್ತ ಬಣ್ಣ ಬಿರಿದಿದೆಯೇ, ಹೊಸ ವೆಲ್ಡಿಂಗ್ ಆಗಿದೆಯೇ ನೋಡಿ. ಹತ್ತಡಿ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಎರಡು ಚಕ್ರ ಒಂದೇ ಗೆರೆಯಲ್ಲಿ ಕಾಣಬೇಕು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಈಗ ಹ್ಯಾಂಡಲನ್ನು ಎರಡು ಬೆರಳಿನಿಂದ ತಿರುಗಿಸಿ. ನಟ್ಟನಡುವೆ ‘ಕಟ್’ ಎಂದು ಕಚ್ಚಿಕೊಂಡರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಅಲ್ಲಾಡಿಸಿದಾಗ ಲೊಡಲೊಡ ಅಂದರೂ ಅದೇ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ ಬುಷ್.

ಇನ್ನು ಗಾಡಿ ಯಾವ ಊರಿನದು, ಏನು ಕೆಲಸ ಮಾಡುತ್ತಿತ್ತು ಎಂಬುದರ ಮೇಲೆ ಎಲ್ಲಿ ಹೆಚ್ಚು ಹುಡುಕಬೇಕೆಂಬುದು ನಿರ್ಧಾರವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಗಾಡಿಗೆ ಉಪ್ಪುಗಾಳಿ, ದೀರ್ಘ ಮಳೆಗಾಲ: ಟ್ಯಾಂಕಿನ ಕೆಳಗೆ, ಸೈಲೆನ್ಸರಿನ ಅಡಿ, ಸ್ಪೋಕ್ ಬುಡ, ಸೆಂಟರ್ ಸ್ಟ್ಯಾಂಡ್ ಜೋಡಣೆಗೆ ಟಾರ್ಚ್ ಹಿಡಿಯಿರಿ, ಪೆಟ್ರೋಲ್ ಮುಚ್ಚಳ ತೆಗೆದು ಟ್ಯಾಂಕಿನೊಳಗೆ ತುಕ್ಕಿದೆಯೇ ನೋಡಿ, ಅದು ಕಾರ್ಬುರೇಟರನ್ನು ಪದೇ ಪದೇ ಕಟ್ಟಿಸುತ್ತದೆ. ಮಡಿಕೇರಿ, ಚಿಕ್ಕಮಗಳೂರಿನದಾದರೆ ಕ್ಲಚ್ ಪ್ಲೇಟು, ಬ್ರೇಕು. ರಾಯಚೂರು, ಕಲಬುರಗಿ ಕಡೆ ಧೂಳು ಜಾಸ್ತಿ, ಏರ್ ಫಿಲ್ಟರ್ ಬದಲಿಸದೆ ಓಡಿಸಿದ್ದರೆ ಬೋರ್ ಬೇಗ ಸವೆದಿರುತ್ತದೆ. ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೊತ್ತ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದು, ಕ್ಯಾರಿಯರ್ ಬಿಗಿದ ಜಾಗದಲ್ಲಿ ಫ್ರೇಮ್ ಬಿರಿದಿರಬಹುದು. ಬೆಂಗಳೂರಿನ ಡೆಲಿವರಿ ಗಾಡಿಗೆ ಹೊರಗೆ ಏನೂ ಕಾಣದು; ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರ್ ಬಿಗಿದ ಗುರುತು, ಕೈಹಿಡಿ ಪೂರ್ತಿ ಸವೆದಿರುವುದು, ಇವೇ ಸುಳಿವು.

ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಆಳವಾಗಿದ್ದರೂ ಆರು ವರ್ಷ ದಾಟಿ ಬದಿಯಲ್ಲಿ ಬಿರುಕಿದ್ದರೆ ಬದಲಿಸಲೇಬೇಕು. ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಚೈನನ್ನು ಮೇಲೆ ಕೆಳಗೆ ಆಡಿಸಿ, 20-30 ಮಿ.ಮೀ. ಆಡಬೇಕು. ಚೈನ್ ಬಿಗಿಮಾಡುವ ಗುರುತು ಕೊನೆಯ ಗೆರೆಗೆ ಬಂದಿದ್ದರೆ ಸೆಟ್ ಬದಲಿಸುವ ಕಾಲ. ಡ್ರಮ್ ಬ್ರೇಕಿನ ಅಡ್ಜಸ್ಟರ್ ನಟ್ಟು ಕಡ್ಡಿಯ ಕೊನೆಯವರೆಗೆ ಬಿಗಿದಿದ್ದರೆ ಶೂ ಮುಗಿದಿದೆ. ಲೈಟು, ಹಾರ್ನ್, ಎರಡೂ ಬ್ರೇಕಿಗೆ ಹತ್ತುವ ಬ್ರೇಕ್ ಲೈಟು ಪರೀಕ್ಷಿಸಲು ಎರಡು ನಿಮಿಷ ಸಾಕು. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನೇ ಉರಿಯುತ್ತಿರಬೇಕು. ಸ್ವಿಚ್ ಹಾಕಿಸಿದ್ದರೆ ವೈರಿಂಗಿಗೆ ಯಾರೋ ಕೈಹಾಕಿದ್ದಾರೆ ಎಂದರ್ಥ.

ಓಡಿಸಿ ನೋಡುವುದು

ಇದನ್ನು ಕಲಿಯುವವರು ಮಾಡಬಾರದು, ಜೊತೆಗೆ ಬಂದವರು ಮಾಡಲಿ. ಹತ್ತು ನಿಮಿಷ, ಒಂದು ಏರು ಸೇರಿದಂತೆ. ಟಾಪ್ ಗೇರಿನಲ್ಲಿ 30ರ ವೇಗದಿಂದ ಏರಿನಲ್ಲಿ ಎಕ್ಸಲರೇಟರ್ ಪೂರ್ತಿ ತಿರುವಿದಾಗ ಎಂಜಿನ್ ಮಾತ್ರ ಕೂಗಿ ಗಾಡಿ ಏಳದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿವೆ. ಯಾವುದೇ ಗೇರ್ ತಾನಾಗಿ ಬಿಟ್ಟುಕೊಂಡು ನ್ಯೂಟ್ರಲ್ಲಿಗೆ ಬಂದರೆ ಗೇರ್‌ಬಾಕ್ಸ್ ಕೆಲಸ, ಆ ಗಾಡಿ ಬಿಡಿ. ಕಲಿಯುವವರು ತಮ್ಮದೇ ತಪ್ಪೆಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಾರೆ. 40ರಲ್ಲಿ ಬ್ರೇಕ್ ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು.

ವಾಪಸ್ ಬಂದ ಮೇಲೆ ಕಲಿಯುವವರು ಎಂಜಿನ್ ಆಫ್ ಇರುವಾಗ ಕೂತು ನೋಡಲಿ. ಎರಡೂ ಪಾದ ನೆಲಕ್ಕೆ ಊರುತ್ತವೆಯೇ, ಎಡಗೈಯ ಬೆರಳು ಕ್ಲಚ್ ಲಿವರನ್ನು ಪೂರ್ತಿ ಎಳೆಯುತ್ತವೆಯೇ, ಹಿಂದಕ್ಕೆ ತಳ್ಳಿ ಸೆಂಟರ್ ಸ್ಟ್ಯಾಂಡ್ ಹಾಕಲು ಬರುತ್ತದೆಯೇ? ಗೇರಿನ ಕ್ರಮವನ್ನೂ ಕೇಳಿಕೊಳ್ಳಿ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಕೆಳಗೆ ತುಳಿದೇ ಬೀಳುತ್ತವೆ. ಪಲ್ಸರ್‌ನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಡ್ರೈವಿಂಗ್ ಸ್ಕೂಲಿನ ಗಾಡಿಯ ಕ್ರಮವೂ ಇದೂ ಒಂದೇ ಆಗಿದ್ದರೆ ಟೆಸ್ಟ್ ದಿನ ಗೊಂದಲ ಕಡಿಮೆ. ಟೆಸ್ಟನ್ನು ಸ್ಕೂಟರಿನಲ್ಲಿ ಕೊಟ್ಟರೆ ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ ಸಿಗುತ್ತದೆ ಎಂಬುದೂ ನೆನಪಿರಲಿ.

ಚೌಕಾಸಿ

ಬಾಯಿಗೆ ಬಂದ ಅಂಕಿ ಹೇಳಬೇಡಿ, ಕಂಡ ಕೆಲಸದ ಪಟ್ಟಿ ಓದಿ. ಟೈರ್ ಒಂದಕ್ಕೆ 1,300ರಿಂದ 2,000, ಚೈನ್ ಸ್ಪ್ರಾಕೆಟ್ 800ರಿಂದ 1,500, ಬ್ಯಾಟರಿ 1,000ರಿಂದ 1,300, ಕೋನ್ ಸೆಟ್ ಕೂಲಿ ಸೇರಿ 500ರಿಂದ 900. ಇವು ಅಂದಾಜು, ಹಿಂದಿನ ದಿನ ನಿಮ್ಮ ಮೆಕ್ಯಾನಿಕ್ ಹತ್ತಿರ, ಬೆಂಗಳೂರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಕೇಳಿಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ. ಇನ್ನೊಂದು ಅಸ್ತ್ರವಿದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಹೊಸದೇ ಅಗ್ಗವಾದಾಗ ಹಳೆಯದರ ಬೆಲೆ ಮೊದಲಿನಷ್ಟೇ ಇರಲು ಸಾಧ್ಯವಿಲ್ಲ. ಹಳೆಯ ದರ ಹಿಡಿದು ಕೂತವರಿಗೆ ಇದನ್ನು ನೆನಪಿಸಿ.

‘ಇನ್ಶೂರೆನ್ಸಿನಲ್ಲಿ ನೋ ಕ್ಲೇಮ್ ಬೋನಸ್ ಇದೆ’ ಎಂದು ಬೆಲೆ ಏರಿಸಿದರೆ ಒಪ್ಪಬೇಡಿ. ಪರಿಹಾರ ಕೇಳದ ವರ್ಷಗಳಿಗೆ ಸಿಗುವ ಆ ರಿಯಾಯಿತಿ ಮಾಲೀಕರದ್ದು, ಗಾಡಿಯದ್ದಲ್ಲ, ನಿಮಗೆ ಬರುವುದಿಲ್ಲ.

ದುಡ್ಡು ಕೊಡುವ ದಿನ

ಹೆಸರು ಬದಲಾವಣೆಯ ಅರ್ಜಿ ಪರಿವಾಹನ್ ಜಾಲತಾಣದಲ್ಲಿ ಹಾಕುವಾಗ ಮಾರುವವರ ಮೊಬೈಲಿಗೆ ಒಟಿಪಿ ಬರುತ್ತದೆ. ಆರ್‌ಸಿಯಲ್ಲಿ ದಾಖಲಾದ ಸಂಖ್ಯೆ ಈಗಲೂ ಅವರ ಬಳಿ ಇದೆಯೇ ಎಂದು ಮೊದಲೇ ಕೇಳಿ. ಪೂರ್ತಿ ಹಣ ಕೈಸೇರಿದ ಮೇಲೆ ಕೆಲವರಿಗೆ ಫೋನ್ ಎತ್ತಲು ಪುರುಸೊತ್ತಾಗುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಆದ್ದರಿಂದ ಅರ್ಜಿ ಹಾಕಿ, ಒಟಿಪಿ ಮುಗಿದು, ಸಹಿ ಬಿದ್ದ ಮೇಲೆಯೇ ಕೊನೆಯ ಕಂತು ಕೊಡಿ. ಯುಪಿಐ ಅಥವಾ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ.

ಪಡೆಯಬೇಕಾದ್ದು: ಮೂಲ ಆರ್‌ಸಿ, ಮಾರಾಟದ ಸೂಚನೆಯ ಫಾರಂ 29 ಎರಡು ಪ್ರತಿ, ಹೆಸರು ಬದಲಾವಣೆ ಅರ್ಜಿಯ ಫಾರಂ 30, ಚಾಲ್ತಿಯ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ (ಬಿಎಸ್4 ಮತ್ತು ನಂತರದ ಗಾಡಿಗೆ ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು), ಮಾರುವವರ ಗುರುತಿನ ಚೀಟಿ ಪ್ರತಿ, ಎರಡೂ ಕೀಲಿ. ಅತಿಸುರಕ್ಷಿತ ನಂಬರ್ ಪ್ಲೇಟ್ ಇದೆಯೇ ನೋಡಿ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗೆ ಅದನ್ನು ಹೊಸದಾಗಿ ಹಾಕಿಸಿರಬೇಕು.

ಜೊತೆಗೆ ಬಿಳಿ ಹಾಳೆಯಲ್ಲಿ ಡೆಲಿವರಿ ನೋಟ್ ಬರೆದುಕೊಳ್ಳಿ. ಇಷ್ಟು ಸಾಕು: ‘ಈ ನೋಂದಣಿ ಸಂಖ್ಯೆಯ, ಈ ಚಾಸಿ ಮತ್ತು ಎಂಜಿನ್ ಸಂಖ್ಯೆಯ ದ್ವಿಚಕ್ರ ವಾಹನವನ್ನು ಇಷ್ಟು ರೂಪಾಯಿಗೆ ಮಾರಿ, ಈ ದಿನಾಂಕ, ಇಷ್ಟು ಗಂಟೆಗೆ ಒಪ್ಪಿಸಿದ್ದೇನೆ. ಈ ಹೊತ್ತಿನವರೆಗಿನ ದಂಡ, ಪ್ರಕರಣಗಳಿಗೆ ನಾನು ಹೊಣೆ. ನಂತರದ್ದಕ್ಕೆ ಕೊಂಡವರು ಹೊಣೆ.’ ಇಬ್ಬರ ಸಹಿ, ಇಬ್ಬರು ಸಾಕ್ಷಿ. ಗಂಟೆ ಬರೆಯುವುದು ಯಾಕೆಂದರೆ ಅದೇ ದಿನ ಬೆಳಿಗ್ಗೆ ನಡೆದದ್ದು ಸಂಜೆ ಕೊಂಡವರ ತಲೆಗೆ ಬರಬಾರದು.

ಹೆಸರು ಬದಲಾಯಿಸಿಕೊಡಲು ಮಾರುವವರು ಉದಾಸೀನ ತೋರಿದರೆ ಅವರದೇ ಹಿತ ನೆನಪಿಸಿ. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಗಾಡಿ ಎಷ್ಟು ಕೈ ದಾಟಿದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಆರ್‌ಸಿ ಬದಲಿಸಿ ಪಾಲಿಸಿ ಮರೆತವರು ಬಹಳ.

ಅಂಗಡಿಯವರಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೆ ವಾಹನ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮವಿದೆ, ಅದನ್ನು ಕೇಳಿ. ಹಿಂದಿನ ಮಾಲೀಕರ ಸಹಿ ಹಾಕಿಸಿಟ್ಟ ಖಾಲಿ ಫಾರಂ ಕೊಟ್ಟು ‘ನೀವೇ ಮಾಡಿಸಿಕೊಳ್ಳಿ’ ಅಂದರೆ ಬೇಡ.

ಮನೆಗೆ ತಂದ ಮೇಲೆ, ಕಲಿಯಲು ಶುರುಮಾಡುವ ಮೊದಲು

ಹಿಂದಿನವರು ‘ಮೊನ್ನೆಯಷ್ಟೇ ಸರ್ವಿಸ್ ಆಗಿದೆ’ ಅಂದಿದ್ದರೂ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಿಸಿ. ಬ್ರೇಕ್ ಡ್ರಮ್ ಬಿಚ್ಚಿಸಿ ಶೂ ನೋಡಿಸಿ. ಗಟ್ಟಿಯಾಗಿ ಬಿರಿದ ಪೆಟ್ರೋಲ್ ಪೈಪನ್ನು ಬದಲಿಸಲು ನೂರು ರೂಪಾಯಿಯೂ ಬೇಡ. ಟೈರ್ ಗಾಳಿ ಸ್ಪ್ಲೆಂಡರ್‌ಗೆ ಒಬ್ಬರಿದ್ದಾಗ ಮುಂದೆ 25, ಹಿಂದೆ 28 ಪಿಎಸ್‌ಐ. ಪೆಟ್ರೋಲ್ ಬಂಕಿನಲ್ಲಿ ಎರಡಕ್ಕೂ 35 ತುಂಬಿಬಿಟ್ಟರೆ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರುತ್ತದೆ.

ಎಲ್‌ಎಲ್‌ಆರ್ ಎಂಬ ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿ. ಹಿಂದಿನ ಸೀಟಿನಲ್ಲಿ ಕೂರುವವರು ಲೈಸೆನ್ಸ್ ಇರುವ, ಕಲಿಸುವವರೇ ಆಗಿರಬೇಕು. 18 ತುಂಬದವರ ಕೈಗೆ ಈ ಗಾಡಿ ಕೊಟ್ಟರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಕೊನೆಗೆ ಎರಡು ಸಣ್ಣ ಕೆಲಸ. ಕ್ಲಚ್ ಲಿವರ್ ಮತ್ತು ಕ್ಲಚ್ ಕೇಬಲ್ ಒಂದೊಂದು ಹೆಚ್ಚಿಗೆ ಕೊಂಡು ಸೈಡ್ ಕವರಿನೊಳಗೆ ಟೂಲ್ ಜೊತೆ ಇಟ್ಟುಬಿಡಿ. ಆಮೇಲೆ ಹ್ಯಾಂಡಲಿಗೆ ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟನ್ನು ತುಸುವೇ ಸಡಿಲಿಸಿ: ಓಡಿಸುವಾಗ ಅಲ್ಲಾಡಬಾರದು, ಆದರೆ ಅಂಗೈಯಿಂದ ಜೋರಾಗಿ ಒತ್ತಿದರೆ ತಿರುಗಬೇಕು. ಗಾಡಿ ಬಿದ್ದಾಗ ಲಿವರ್ ಮುರಿಯುವ ಬದಲು ಮೇಲಕ್ಕೆ ತಿರುಗಿಕೊಳ್ಳುತ್ತದೆ. ಎತ್ತಿ ನಿಲ್ಲಿಸಿ, ಕೈಯಿಂದ ಮತ್ತೆ ಕೆಳಗೆ ತಿರುಗಿಸಿಕೊಂಡು ಮನೆಗೆ ಬರಬಹುದು.